ಲಾಡಸಾಬನ ಹಸಿರು ಸಿಗಡಿ

ಗದಗ ಹೊಸ ಜಿಲ್ಲೆಯಾಗಿ ಲಕ್ಷ್ಮೇಶ್ವರ ಅದರೊಳಗೆ ಬಂದ ವರ್ಷ ಊರಿನ ಬಹಳ ಜನರ ಎದೆ ಎರಡು ಬೆರಳು ಉಬ್ಬಿತು. ನನ್ನದೂ ಉಬ್ಬಿತ್ತು, ಯಾಕೆಂದು ಈವರೆಗೂ ಗೊತ್ತಾಗಿಲ್ಲ. ಲಾಡಸಾಬನದು ಮಾತ್ರ ಅಂಗಿಯ ಗುಂಡಿ ಕಿತ್ತುಹೋಗುವಷ್ಟು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಕಬಾಬಿನ ಗಾಡಿಯಿತ್ತು. ಅವನದು ಅಂದರೆ, ಮುಂದೆ ಕುರ್ಚಿ ಹಾಕಿಕೊಂಡು ಗಿರಾಕಿಗಳ ಜೊತೆ ರಾಜಕಾರಣ ಮಾತಾಡುವವನು ಅವನು. ಹಿಂದೆ ಕಬ್ಬಿಣದ ಸಿಗಡಿ ಒಲೆಯ ಇದ್ದಿಲಿಗೆ ಗಾಳಿ ಹಾಕುತ್ತ, ಕಬಾಬು ತಿರುವುತ್ತ ನಿಂತಿರುತ್ತಿದ್ದವಳು ಹೆಂಡತಿ ಬೀಬಿಜಾನ.

“ಜಿಲ್ಲಾದ ಮಂದಿ ಆದ್ವಿ. ಇನ್ನ ನನ್ನ ಹೆಂಡ್ತಿ ರಸ್ತೇದಾಗ ಹೊಗಿ ಕುಡಿಯೂದು ಶೋಭಾ ಅಲ್ಲ,” ಎಂದು ಅವನು ಗಾಡಿ ಮುಚ್ಚಿದ. ಹೋಟೆಲು ತೆರೆಯುವವನಿದ್ದ. ಬೋರ್ಡು ಹಸಿರಿರಬೇಕೋ ಕೆಂಪಿರಬೇಕೋ ಎಂಬುದರಲ್ಲೇ ಒಂದು ಮಳೆಗಾಲ ಕಳೆಯಿತು. ಹಿತ್ತಲಲ್ಲಿ ಸಿಗಡಿ ತುಕ್ಕು ಹಿಡಿಯಿತು. ಅಣ್ಣನ ಮಗಳ ಮದುವೆಗೆಂದು ತವರೂರು ಬೆಳ್ಳಟ್ಟಿಗೆ ಹೋದ ಬೀಬಿಜಾನ ಮದುವೆ ಮುಗಿದರೂ ಬರಲಿಲ್ಲ. “ಖಾಲಿ ಕೈಲೆ ಕುಂಡ್ರಾಕ ಅಲ್ಲಿತನಾ ಯಾಕ ಬರಲಿ, ಇಲ್ಲೇ ಕುಂಡ್ರತೀನಿ,” ಎಂದು ಹೇಳಿ ಕಳಿಸಿದಳು.

ಬೆಳ್ಳಟ್ಟಿ ದೂರವೇನಲ್ಲ, ಬಸ್ಸಿದೆ. ಆದರೆ ಹೆಂಡತಿಯನ್ನು ಕರೆಯಲು ತಾನೇ ಹೋಗುವುದು ಜಿಲ್ಲೆಯ ಮನುಷ್ಯನಿಂದ ಆಗುವ ಕೆಲಸವಲ್ಲ. ದಿನಾ ಸಂಜೆ ಆ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತು, ಕೊನೆಯವರು ಇಳಿಯುವತನಕ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಅದು ನಿಂತು ಎಷ್ಟೋ ಕಾಲವಾಗಿತ್ತು. ಅವಳ ಸೆರಗಿನ ಹೊಗೆ ವಾಸನೆಗೆ ಮೊದಲೆಲ್ಲ ಮೂಗು ಮುರಿಯುತ್ತಿದ್ದವನು ಈಗ ಅವಳ ಹಾಸಿಗೆಯ ಸುರುಳಿ ಬಿಚ್ಚಿ ಅದನ್ನೇ ಹುಡುಕುತ್ತಿದ್ದ. ಅಲ್ಲಿಂದಲೂ ಅದು ಹೋಗಿಬಿಟ್ಟಿತ್ತು.

ಒಂದು ದಿನ ಸಿಗಡಿಯನ್ನು ಅಂಗಳಕ್ಕೆ ಎಳೆದ. ಇಟ್ಟಂಗಿ ಚೂರು, ಉಸುಕು, ಸೀಮೆಎಣ್ಣೆ ಹಾಕಿ ತುಕ್ಕು ತಿಕ್ಕಿದ. ತೂತು ಬಿದ್ದ ತಳಕ್ಕೆ ಕಮ್ಮಾರ ಮೌನೇಶ ತಗಡು ಬಡಿದುಕೊಟ್ಟ. ಆಮೇಲೆ ಲಾಡಸಾಬ ಬೋರ್ಡಿಗೆಂದು ತಂದಿಟ್ಟಿದ್ದ ಹಸಿರು ಎಣ್ಣೆಬಣ್ಣವನ್ನು ಒಳಗೂ ಹೊರಗೂ ಬಳಿದ. ಮುಗಿದಾಗ ಅದು ಹೊಸ ಮದುಮಗಳ ಟ್ರಂಕಿನ ಹಾಗೆ ಮಿಂಚುತ್ತಿತ್ತು.

ಕುಡುಗೋಲು ಮಾರಲು ಬೆಳ್ಳಟ್ಟಿಗೆ ಹೊರಟ ಮೌನೇಶನನ್ನು ತಡೆದ. “ಸಿಗಡಿ ದುರಸ್ತಿ ಆಗೈತಿ ಅಂತ ಮಾತಿನಾಗ ಮಾತು ತಗದು ಹೇಳು. ನಾ ಕರದೆ ಅನಬ್ಯಾಡ.”

“ಮತ್ತ ಯಾರು ಕರದ್ರು ಅನ್ಲಿ ಲಾಡಸಾಬಣ್ಣಾ, ಸಿಗಡಿ ಕರದ್ತು ಅನ್ಲೇನು?”

“ಹಂಗ ಅನ್ನು. ಅದಕ್ಕೇನ್ ಮಾನ ಐತಿ.”

ಮರುದಿನ ಸಂಜೆಯ ಬಸ್ಸಿಗೆ ಬೀಬಿಜಾನ ಬಂದಳು. ಕೈಚೀಲ ಕೆಳಗಿಡದೆ ಸಿಗಡಿಯೊಳಗೆ ಇಣುಕಿದಳು.

“ಒಳಗೂ ಬಣ್ಣ ಹಚ್ಚೀರಿ?”

“ಛಂದ ಕಾಣ್ಲಿ ಅಂತ.”

“ಇಷ್ಟು ವರ್ಷ ಗಾಡಿ ಮುಂದ ಕುಂತ್ರಿ. ಬೆಂಕಿ ಎಲ್ಲಿರತೈತಿ ಅಂತ ಒಮ್ಮೆರೆ ಹಿಂದ ತಿರುಗಿ ನೋಡಿದ್ರೇನು?”

ಸ್ಟ್ಯಾಂಡಿನ ಕಡೆಯಿಂದ ಬಸ್ಸು ವಾಪಸು ಹೊರಡುವ ಹಾರ್ನು ಕೇಳಿಸಿತು. ಅವಳು ಆ ಕಡೆ ನೋಡಿದಳು. ಅವನು ಅವಳ ಚೀಲ ನೋಡಿದ.

“ಇದರ ಮ್ಯಾಲೆ ಕಬಾಬ ಸುಟ್ರ ಮಂದಿ ದವಾಖಾನಿ ಸೇರತಾರ. ಬರೇ ಇದ್ದಲಿ ಹಾಕಿ ಬಣ್ಣ ಪೂರಾ ಸುಡಬೇಕು. ಎಷ್ಟ್ ಕೋಟ್ ಹಚ್ಚೀರಿ?”

“ಎರಡು.”

“ಅದು ಸುಡೂತನಾ ಇರತೀನಿ. ಆಮ್ಯಾಲೆ ನೋಡೂಣು.”

ಅವಳು ಚೀಲ ಇಟ್ಟು ಸೆರಗು ಸಿಕ್ಕಿಸಿದಳು. ಇದ್ದಿಲು ಕೆಂಪಾದಂತೆ ಬಣ್ಣ ಗುಳ್ಳೆಯೆದ್ದು, ಕೆಟ್ಟ ಹೊಗೆ ಅಂಗಳವನ್ನೆಲ್ಲ ತುಂಬಿತು. ಕೆಮ್ಮುತ್ತ ಗಾಳಿ ಹಾಕುತ್ತಿದ್ದ ಅವಳ ಪಕ್ಕದಲ್ಲೇ ಲಾಡಸಾಬ ಕುಕ್ಕರಗಾಲಲ್ಲಿ ಕೂತ. ಹಸಿರು ಕಪ್ಪಾಗಿ, ಹಕ್ಕಳಿಕೆಯಾಗಿ ಉದುರುತ್ತಿತ್ತು. ಮೂರನೆಯ ಕೋಟೂ ಹಚ್ಚಬೇಕಿತ್ತು ಎಂದು ಅವನಿಗೆ ಅನಿಸಿತು.