ಗೆದ್ದ ಕಾರಿನ ಸವೆದ ಅಚ್ಚು

"ಇನ್ನೆಷ್ಟು ದಿನ ತಡ್ಕೋತೀಯೇ ತಾಯಿ?"

ಬೆಳಗಿನ ಐದೂವರೆ. ಕೇಳಿದ್ದು ಯಾವ ಮನುಷ್ಯರನ್ನೂ ಅಲ್ಲ. ಪಾಳಿ ಬದಲಾಗುವ ಹೊತ್ತು, ಕಾರ್ಖಾನೆಯ ಉದ್ದನೆಯ ಅಂಕಣದಲ್ಲಿ ನರಪಿಳ್ಳೆಯಿಲ್ಲ. ಬಿಚ್ಚಿಟ್ಟ ಉಕ್ಕಿನ ಅಚ್ಚಿನೆದುರು ಮಂಡಿಯೂರಿದ ಐವತ್ತೊಂದರ ಹೆಂಗಸೊಬ್ಬರು ತೆಳು ಹತ್ತಿಯ ಕೈಗವಸು ತೊಟ್ಟು, ಕಣ್ಣು ಮುಚ್ಚಿ ಅದರ ಮೈ ಸವರುತ್ತಾರೆ. ಎಲ್ಲೋ ಒಂದೆಡೆ ಬೆರಳು ನಿಲ್ಲುತ್ತದೆ. ಅಲ್ಲಿಗೊಂದು ಹನಿ ಎಣ್ಣೆ, ಮೇಲೆ ಸಾಣೆಕಲ್ಲು. ಉಜ್ಜಿ, ಸವರಿ, ಮತ್ತೆ ಉಜ್ಜುತ್ತಾರೆ. ಈ ಅಚ್ಚಿನಲ್ಲಿ ಒತ್ತಿದ ತಗಡೇ ಕಾರಿನ ಬಾನೆಟ್.

ಎಲ್ಲರಿಗೂ ಇವರು ಸಾಣೆಯಕ್ಕ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಉಬ್ಬುತಗ್ಗು ಅಳೆಯುವ ಯಂತ್ರ ಬಂದಿದೆ. ಆದರೂ ಅದು ಹೇಳಿದ್ದನ್ನು ಅಕ್ಕನ ಅಂಗೈ ಒಪ್ಪಬೇಕು. ಮನೆಯಲ್ಲೂ ಆ ಕೈ ಸುಮ್ಮನಿರದು. ಮೇಜು, ಗೋಡೆ, ತಟ್ಟೆಯ ಅಂಚು, ಸಿಕ್ಕಿದ್ದನ್ನೆಲ್ಲ ಸವರುತ್ತದೆ. "ನನ್ನ ಬೋಳುತಲೆ ನೇವರಿಸಿದ್ರೆ ಪ್ರೀತಿಯೋ ತಪಾಸಣೆಯೋ ಇವತ್ತಿಗೂ ಗೊತ್ತಾಗಲ್ಲ" ಎಂದು ದರ್ಜಿ ಗಂಡ ಗೊಣಗುತ್ತಾರೆ. ಗೊಣಗುತ್ತಲೇ ತಲೆ ಬಾಗಿಸುತ್ತಾರೆ.

ಈ ಅಚ್ಚು ಬಂದಾಗ ಲೆಕ್ಕ ಸರಳವಿತ್ತು: ಏಳು ವರ್ಷ, ಆರು ಲಕ್ಷ ಬಾನೆಟ್. ಆದರೆ ಕಾರು ಜನರ ಕಣ್ಣಿಗೆ ಬಿತ್ತು, ಮನಸ್ಸಿಗೂ ಹತ್ತಿತು. ದಿನಕ್ಕೆ ಮುನ್ನೂರು ಒತ್ತಬೇಕಾದಲ್ಲಿ ಐನೂರರ ಹತ್ತಿರ ಒತ್ತಿದರು. ನಾಲ್ಕು ವರ್ಷ ದಾಟುವಷ್ಟರಲ್ಲಿ ಆರು ಲಕ್ಷ ಮುಗಿಯಿತು.

"ಯಾರಿಗೂ ಬೇಡದ ಕಾರಿನ ಅಚ್ಚು ಹತ್ತು ವರ್ಷ ಆದ್ರೂ ಮದುವೆ ಹೆಣ್ಣಿನ ಹಾಗೆ ಇರುತ್ತೆ. ಇವಳು ನೋಡಿ, ಎಲ್ಲರ ಮನೆ ತುಂಬಿಸಿ ಸೊರಗಿದ್ಲು" ಎನ್ನುತ್ತಾರೆ ಅಕ್ಕ.

ಬಾನೆಟ್ಟಿನ ನಡುಗೆರೆ ಕೊಡುವ ಏಣು ಮೊಂಡಾಗಿದೆ. ಅಂಚಿನ ಬಿರುಕಿಗೆ ಮೂರು ಸಲ ಬೆಸುಗೆ ಬಿದ್ದಿದೆ. ಹೊಸ ಅಚ್ಚು ಎರೆದು ಕಡೆಯಲು ಒಂದೂವರೆ ವರ್ಷ. ಅಷ್ಟೆಲ್ಲ ಮಾಡುವುದಾದರೆ ಹಳೆಯ ಮುಖವನ್ನೇ ಏಕೆ ಕಡೆಯಬೇಕು ಎಂದು ಕಂಪನಿ ಹೊಸ ಮಾದರಿಯ ಕಾರನ್ನೇ ಅವಧಿಗೆ ಮೊದಲು ತರುತ್ತಿದೆ. ಇಷ್ಟು ಚೆನ್ನಾಗಿ ಓಡುವ ಕಾರನ್ನು ಯಾಕಪ್ಪಾ ನಿಲ್ಲಿಸುತ್ತಾರೆ ಎಂದು ಹೊರಗಿನವರು ಕೇಳುತ್ತಾರಲ್ಲ, ಈ ಕಾರಿನ ಮಟ್ಟಿಗೆ ಉತ್ತರ ಅಕ್ಕನ ಅಂಗೈಯಲ್ಲಿದೆ.

ಆ ಅಂಗೈಯ ಮಾತನ್ನು ಅವರು ಒಮ್ಮೆ ಮಾತ್ರ ಮೀರಿದ್ದರು. ಹನ್ನೊಂದು ವರ್ಷದ ಹಿಂದೆ, ಮೇಲಿನವರ ಅವಸರಕ್ಕೆ, ಬೆರಳು ಬೇಡವೆಂದರೂ ಬಾಗಿಲಿನ ಅಚ್ಚೊಂದಕ್ಕೆ ಸಹಿ ಹಾಕಿಬಿಟ್ಟರು. ಬಣ್ಣ ಬಳಿದ ಮೇಲೆ ನಾನೂರು ಬಾಗಿಲಲ್ಲೂ ಕೂದಲೆಳೆಯಂಥ ಒಂದೇ ಗೆರೆ ಎದ್ದು ಕಂಡಿತು. ಎಲ್ಲವೂ ಗುಜರಿಗೆ ಹೋದವು. ಯಾರೂ ಏನೂ ಅನ್ನಲಿಲ್ಲ. "ಬೈದಿದ್ರೆ ಮರೀತಿದ್ನೇನೋ" ಎನ್ನುತ್ತಾರೆ.

ಆರೂಕಾಲಿಗೆ ವಿಭಾಗದ ಮುಖ್ಯಸ್ಥರು ಬರುತ್ತಾರೆ. ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಕೈಯಲ್ಲೊಂದು ಕಾಗದ. ಹೊಸ ಮಾದರಿಗೆ ಇನ್ನೂ ಎಂಟು ತಿಂಗಳಿದೆ. ಅಲ್ಲಿಯವರೆಗೆ, ಅಂದರೆ ಇನ್ನೊಂದು ಲಕ್ಷ ಬಾನೆಟ್ಟಿಗೆ, ಈ ಅಚ್ಚು ತಡೆಯುತ್ತದೆಂದು ಸಹಿ ಬೇಕು. ಕಾರಿಗೆ ಕಾದವರ ಸಾಲು ಉದ್ದವಿದೆ, ಯಂತ್ರವೂ ಹೂಂ ಅಂದಿದೆ, ನಿಮ್ಮದೊಂದೇ ಬಾಕಿ ಎಂದು ಮೆತ್ತಗೆ ಹೇಳುತ್ತಾರೆ.

ಅಕ್ಕ ಕೈಗವಸು ಬಿಚ್ಚಿ ಅವರಿಗೆ ಕೊಡುತ್ತಾರೆ. ಅವರು ತೊಟ್ಟು, ಅಚ್ಚಿನ ಅಂಚಿನುದ್ದಕ್ಕೂ ಒಮ್ಮೆ ಸವರುತ್ತಾರೆ.

"ನುಣ್ಣಗಿದೆಯಲ್ಲ ಅಕ್ಕ."

"ನಿಮಗೆ ನುಣ್ಣಗಿದೆ." ಅಕ್ಕ ನಗುತ್ತಾ ಕಾಗದವನ್ನು ಮಡಚಿ ಅವರ ಜೇಬಿಗೇ ಇಳಿಸುತ್ತಾರೆ. "ಆರು ಲಕ್ಷ ಕೊಟ್ಟಿದ್ದಾಳೆ, ಒಂದೂ ವಾಪಸ್ ಬಂದಿಲ್ಲ. ಇವಳ ಹೆಸರು ಕೆಡಿಸಿ ಕಳಿಸಲ್ಲ ನಾನು. ಸಹಿ ಹಾಕಲ್ಲ, ಸಾರ್."