ಮುಖಗಳನ್ನು ತೆಗೆದ ಗುರುಬಾಯಿ

ಅಕ್ಕಲಕೋಟದ ಹತ್ತಿರದ ವಾಗದರಿಯಲ್ಲಿ ಗುರುಬಾಯಿಯ ಬಾಯಿಗೆ ಬಿದ್ದು ಗೆದ್ದವರಿಲ್ಲ. ಅಂಥವಳು ಸೋತದ್ದು ಒಂದೇ ಸಲ, ಅದೂ ತನ್ನದೇ ವೆಬ್‌ಸೈಟಿನ ಮುಂದೆ.

ಅವರದು ಕುರಿ ಸಾಕುವ ಮನೆತನ. ಗಂಡ ಸಿದ್ದೇಶ್ವರ ಕುರಿಗಳ ಹಿಂದೆ ಹೊಲದಿಂದ ಹೊಲಕ್ಕೆ ಅಲೆಯುವವನು. ಮನೆಯಲ್ಲಿ ಕಂಬಳಿ ನೇಯುವವಳು ಗುರುಬಾಯಿ. ಪಡಸಾಲೆಯಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅವಳಿಗೆ ಹಸಿವು ನೀರಡಿಕೆ ನೆನಪಾಗುತ್ತಿರಲಿಲ್ಲ. ಆದರೆ ಸಂತೆಗಳಿಗೆ ಮಿಲ್ಲಿನ ಮೆತ್ತನೆಯ ರಗ್ಗುಗಳು ಬಂದ ಮೇಲೆ ಕಂಬಳಿ ಕೇಳುವವರು ಕಡಿಮೆಯಾದರು. ಗಂಡನ ಅಣ್ಣ, ಮನೆಯ ಹಿರಿಯ ಕಾಮಣ್ಣ ಒಂದು ದಿನ ಹೇಳಿಯೇಬಿಟ್ಟ: "ದೀಪಾವಳಿ ಮಟಾ ನೋಡ್ತೀನಿ. ಕಂಬಳಿ ಹೋಗ್ಲಿಲ್ಲಂದ್ರ ಕುಣಿ ಮುಚ್ಚಿ ಅಲ್ಲಿ ಹಿಟ್ಟಿನ ಗಿರಣಿ ಕೂಡಸೋದ."

ಕಾಮಣ್ಣ ಕೆಟ್ಟವನಲ್ಲ. ಗಿರಣಿ ಬಂದರೆ ಓಣಿಗೆಲ್ಲ ಅನುಕೂಲವೇ. ಗುರುಬಾಯಿಗೆ ಸಂಕಟವಾದದ್ದೂ ಅದಕ್ಕೇ. ಕೆಟ್ಟ ಮಾತಾಗಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು.

ದಾರಿ ತೋರಿಸಿದವಳು ಸೊಸೆ ಪ್ರಣಿತಾ. ಸೊಲ್ಲಾಪುರದಲ್ಲಿ ಕಂಪ್ಯೂಟರ್ ಕಲಿತು ಬಂದ ಹುಡುಗಿ. "ಅತ್ತಿ, ವೆಬ್‌ಸೈಟ್ ಮಾಡೂಣು. ಪುಣೆದವ್ರು ಮನ್ಯಾಗ ಕುಂತು ತಗೋತಾರ. ಮೊದಲ ಕಂಬಳಿ ಫೋಟೋ ಹಾಕೂಣು" ಎಂದಳು.

"ದೇವ್ರು ಹಿರ್ಯಾರನ್ನ ಬಿಟ್ಟು ಮೊದಲ ಕಂಬಳಿನಾ? ಅಕ್ಕಲಕೋಟ ಸ್ಟ್ಯಾಂಡ್ ಮುಂದಿನ ಬ್ಯಾನರ್ ನೋಡಿಲ್ಲೇನ ನೀ?" ಎಂದು ಗುರುಬಾಯಿ ಗದರಿದಳು.

ನಮ್ಮ ಕಡೆಯ ಬ್ಯಾನರ್ ಗೊತ್ತಲ್ಲ? ಮೇಲೆ ದೇವರು, ಕೆಳಗೆ ಹಿರಿಯರು, ಅದರ ಕೆಳಗೆ ಸಾಲುಸಾಲಾಗಿ ಶುಭೇಚ್ಛುಕರ ತಲೆಗಳು. ವೆಬ್‌ಸೈಟೂ ಹಾಗೆಯೇ ತಯಾರಾಯಿತು. ಮೇಲ್ತುದಿಯಲ್ಲಿ ಮನೆದೇವರು ಬೀರೋಬಾ, ಆಮೇಲೆ ಹಾರ ಹಾಕಿದ ಮಾವ, ಆಮೇಲೆ ಪಟಕಾ ಸುತ್ತಿ ಕರಿ ಕನ್ನಡಕ ಏರಿಸಿದ ಕಾಮಣ್ಣ. ಮನೆಯ ಹಿರಿಯ ಅಳಿಯನನ್ನು ಹಾಕಿದ ಮೇಲೆ ಕಿರಿಯವನನ್ನು ಬಿಡುವಂತಿಲ್ಲ. ಅವನನ್ನು ಹಾಕಿದ ಮೇಲೆ ಅವನ ಅಣ್ಣತಮ್ಮಂದಿರನ್ನು ಬಿಡುವಂತಿಲ್ಲ. ಎಲ್ಲ ಮುಗಿದು ಕಟ್ಟಕಡೆಗೆ ಕಂಬಳಿ ಬಂತು. ಅದರ ಮೇಲೂ ಕಾಮಣ್ಣನ ಮೊಮ್ಮಗ ಕೂತಿದ್ದ.

ಫೋನುಗಳೇನೋ ಬಂದವು, ಎಲ್ಲ ಬೀಗರವೇ. ತಮ್ಮ ಫೋಟೋ ಸಣ್ಣದಾಯಿತೆಂಬ ತಕರಾರು. ಪುಣೆಯ ಒಬ್ಬ ಹೆಂಗಸು ಮಾತ್ರ ಹೊರಗಿನವಳು. ಅವಳು ಕೇಳಿದ್ದು, "ಲಗ್ನ ಕುಣಾಚಂ ಆಹೆ?" ಮದುವೆ ಯಾರದು ಅಂತ! ಪ್ರಣಿತಾ ಸೆರಗು ಬಾಯಿಗಿಟ್ಟು ನಕ್ಕಳು. ಗುರುಬಾಯಿಯೂ ನಕ್ಕಳು, ಆಮೇಲೆ ಕುಣಿಯಲ್ಲಿ ಹೋಗಿ ಕೂತು ಅತ್ತಳು.

ಮುಂದಿನ ದುಧನಿ ಸಂತೆಗೆ ಎರಡು ಕಂಬಳಿ ಹೊತ್ತು ಹೋದಳು. ಒಬ್ಬ ಮುದುಕ ಬಂದ. ಕಂಬಳಿಯನ್ನು ಎಳೆದು ನೋಡಿದ, ಮೂಸಿದ. ಪಕ್ಕದವರಿಗೆ ನಾಲ್ಕು ಮೂಲೆ ಹಿಡಿಸಿ ನಡುವೆ ಒಂದು ಚೆಂಬು ನೀರು ಸುರಿದ. ಹಳೆಯ ಪರೀಕ್ಷೆ ಅದು, ಮಳೆಯಲ್ಲಿ ನಿಲ್ಲುವ ಕುರಿಗಾಹಿಗಳದು. ಒಂದು ಹನಿ ಕೆಳಗಿಳಿಯಲಿಲ್ಲ. ಮುದುಕ ದುಡ್ಡು ಕೊಟ್ಟು ಕಂಬಳಿ ಹೆಗಲಿಗೇರಿಸಿಕೊಂಡು ನಡೆದ. ನೀನು ಯಾರ ಪೈಕಿ, ನಿನ್ನ ಭಾವ ಯಾರು ಎಂದು ಒಂದು ಮಾತೂ ಕೇಳಲಿಲ್ಲ.

"ಥೂ ನನ್ನ ಬುದ್ಧಿಗಿಷ್ಟು!" ಎಂದು ಗುರುಬಾಯಿ ಸಂತೆಯಲ್ಲೇ ಹಣೆ ಹಣೆ ಬಡಿದುಕೊಂಡಳು.

ಮನೆಗೆ ಬಂದವಳೇ ಕಾಮಣ್ಣನ ಮುಂದೆ ನಿಂತಳು. ಕುಣಿ ಉಳಿಸುವವನೂ ಅವನೇ, ಮುಚ್ಚುವವನೂ ಅವನೇ.

"ಭಾವ, ವೆಬ್‌ಸೈಟಿನಾಗಿನ ಎಲ್ಲಾರ ಫೋಟೋ ತೆಗಿತೀವ್ರಿ."

"ನಂದು?"

"ನಿಮ್ದೂ ರೀ. ನಿಮ್ಮ ಮಾರಿ ಬ್ಯಾಡ್ರಿ, ಕಂಬಳಿ ಹಿಡ್ಯಾಕ ನಿಮ್ಮ ಕೈ ಬೇಕ್ರಿ."

ಕಾಮಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿ ಹೊರಗೆ ಹೋದ. ಮರುದಿನ ಬೆಳಿಗ್ಗೆ ಮಾತ್ರ ಕೈ ಉಜ್ಜಿ ತೊಳೆದುಕೊಂಡು ಅಂಗಳಕ್ಕೆ ಬಂದು, "ಎಲ್ಲಿ ಹಿಡೀಲಿ?" ಅಂದ.

ಹೊಸ ವೆಬ್‌ಸೈಟ್ ತೆರೆದರೆ ಮೊದಲು ಕಾಣುವುದು ಕಂಬಳಿ ಹಿಡಿದ ಕೈಗಳು, ಬೀಳುವ ನೀರು, ಅದರಡಿ ಒಣಗಿಯೇ ಇರುವ ನೆಲ. ಕೆಳಗೆ ಗುರುಬಾಯಿ ಹೇಳಿ ಬರೆಸಿದ ಮಾತು, ಮರಾಠಿಯಲ್ಲೂ ಕನ್ನಡದಲ್ಲೂ: "ಮೈಗೆ ಚುಚ್ಚುತ್ತದೆ. ತೊಯ್ದರೆ ಕುರಿ ವಾಸನೆ ಬರುತ್ತದೆ. ಮಳೆ ಒಳಗೆ ಬರುವುದಿಲ್ಲ." ಆಮೇಲೆ ಉದ್ದ, ಅಗಲ, ಬೆಲೆ, ಫೋನ್ ನಂಬರು. ಬೀರೋಬನನ್ನು ತೆಗೆಯಲು ಮಾತ್ರ ಅವಳಿಗೆ ಕೈ ಬರಲಿಲ್ಲ. ಆತ ಮೇಲಿನ ಮೂಲೆಯಲ್ಲಿ ಸಣ್ಣಗೆ ಕೂತ. ಕಿರಿಯ ಅಳಿಯ ಮಾತು ಬಿಟ್ಟ. ಬಿಟ್ಟರೆ ಬಿಡಲಿ, ದಾರಿಯಲ್ಲಿ ಸಿಕ್ಕಾಗ ಗುರುಬಾಯಿ ನಮಸ್ಕಾರ ಮಾಡಿದಳು, ಫೋಟೋ ಹಾಕಲಿಲ್ಲ.

ಮೊದಲು ಕೇಳಿದವನು ಸಾತಾರಾದ ಒಬ್ಬ ರೈತ. ಆಮೇಲೆ ನಾಸಿಕದಲ್ಲಿ ಗುಡ್ಡ ಹತ್ತುವ ಹುಡುಗರ ಗುಂಪು. ಮದುವೆ ಯಾರದು ಎಂದು ಕೇಳಿದ್ದ ಪುಣೆಯ ಹೆಂಗಸೂ ಎರಡು ತರಿಸಿಕೊಂಡಳು. ನವರಾತ್ರಿ ಹೊತ್ತಿಗೆ ಮಾರದೆ ಅಟ್ಟದ ಮೇಲೆ ಉಳಿದಿದ್ದ ಕಂಬಳಿಗಳ ರಾಶಿ ಖಾಲಿ! ಗುರುಬಾಯಿ ನೇಯುವ ಮೊದಲೇ ಕಂಬಳಿ ಯಾರದೋ ಹೆಸರಿಗಾಗಿರುತ್ತಿತ್ತು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಸಂತೋಷ. ಆದರೆ ಕುಣಿಯ ಗತಿ ಏನೆಂದು ಕಾಮಣ್ಣನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ದೀಪಾವಳಿಯ ಮರುದಿನ ಅವನು ಹಾರೆ, ಸಲಿಕೆ ಹಿಡಿದು ಪಡಸಾಲೆಗೆ ಬಂದ.

"ಏಳ್ ಮ್ಯಾಗ."

ನೇಯುತ್ತಿದ್ದ ಗುರುಬಾಯಿಯ ಕೈ ನಿಂತಿತು. ಕಾಲನ್ನು ಕುಣಿಯಿಂದ ತೆಗೆಯಲಿಲ್ಲ. "ಏಳೂದಿಲ್ರಿ. ಮಣ್ಣ ಹಾಕೂದಿದ್ರ ನನ್ನ ಮ್ಯಾಲೇ ಹಾಕ್ರಿ."

"ಹುಚ್ಚಿ! ಜಾಗಾ ಅಳೀಬೇಕಲ್ಲ? ಪ್ರಣಿತಾ ಒಂದು ಮಗ್ಗ ಸಾಲೂದಿಲ್ಲ ಅಂತಾಳ. ಎರಡನೇ ಕುಣಿ ಎಲ್ಲಿ ತೋಡ್ಲಿ, ಹೇಳು."

ಗುರುಬಾಯಿ ಆಗಲೂ ಏಳಲಿಲ್ಲ. ಲಾಳಿ ಎಸೆದು, ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು: "ಕಿಡಕಿ ಕಡೀಗ್ರಿ, ಭಾವ. ಅಲ್ಲಿ ಬೆಳಕ ಛಲೋ ಐತಿ."