ಆಚಾರ್ರ ಹೆಂಡತಿಯ ಹೂಂ

ಗುಂಡ್ಲುಪೇಟೆಯಲ್ಲಿ ನಮ್ಮ ಮನೆ ಊಟಿ ರಸ್ತೆಯಿಂದ ಒಂದು ಬೀದಿ ಒಳಗೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಆಚಾರ್ರ ಕುಲುಮೆ. ಮದುವೆಯಾಗಿ ಚಾಮರಾಜನಗರದಿಂದ ಬಂದ ಹೊಸತರಲ್ಲಿ ಸುತ್ತಿಗೆಯ ಸದ್ದಿಗೆ ತಲೆನೋವು ಬರುತ್ತಿತ್ತು. ಆಮೇಲಾಮೇಲೆ ಸದ್ದು ನಿಂತಾಗ ಮಾತ್ರ ತಲೆಯೆತ್ತಿ ನೋಡುವಂತಾಯಿತು.

ಆಚಾರ್ರು ಹೊಸ ಕಬ್ಬಿಣ ಮುಟ್ಟುತ್ತಿರಲಿಲ್ಲ. ಗುಜರಿಯಿಂದ ಲಾರಿಗಳ ಮುರಿದ ಸ್ಪ್ರಿಂಗ್ ಪಟ್ಟೆಗಳನ್ನು ತಂದು, ಕಾಯಿಸಿ, ಬಡಿದು ಮಚ್ಚು, ಕುಡುಗೋಲು, ಈಳಿಗೆಯ ಅಲಗು ಮಾಡುತ್ತಿದ್ದರು. ನನ್ನ ಈಳಿಗೆಮಣೆಗೆ ಅಲಗು ಹಾಕಿಸಲು ಹೋದವಳು ಸುಮ್ಮನಿರಲಾರದೆ, "ಅಂಗಡೀಲಿ ಪಳಪಳ ಅನ್ನೋದೇ ಸಿಗುತ್ತಲ್ಲ ಆಚಾರ್ರೇ" ಎಂದಿದ್ದೆ.

"ಇದು ಊಟಿ ಘಾಟಿ ಅತ್ತಿ ಇಳ್ದಿರೋ ಕಬ್ಣ ಕಣಮ್ಮಾ, ಬುದ್ಧಿ ಬಂದದೆ. ಅಂಗಡೀದು ಇನ್ನೂ ಕೂಸು" ಎಂದು ನಕ್ಕಿದ್ದರು.

ದೊಡ್ಡ ಸುತ್ತಿಗೆ ಬೀಸುತ್ತಿದ್ದುದು ಅವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ತೆಳ್ಳನೆಯ ಹೆಂಗಸು, ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ನಿಂತರೆ ಸುತ್ತಿಗೆ ಹೂವಿನ ಬುಟ್ಟಿಯಂತೆ ಮೇಲೇಳುತ್ತಿತ್ತು. ಕುಲುಮೆಯ ಬಾಗಿಲಿಗೆ ಸದಾ ಗೋಣಿಯ ಪರದೆ. ಒಳಗೆ ಕತ್ತಲಿದ್ದರೇ ಕಾದ ಕಬ್ಬಿಣದ ಬಣ್ಣ ಸರಿಯಾಗಿ ತಿಳಿಯುವುದಂತೆ. ಅಲಗು ದಾಳಿಂಬೆ ಕಾಳಿನ ಕೆಂಪಿಗೆ ಬಂದಾಗ ನೀರಿಗೆ ಅದ್ದಬೇಕು, ಅದೇ ಹದ ಹಾಕುವುದು. ಅದು ದಾಟಿ ಕಿತ್ತಳೆಗೆ ತಿರುಗಿತೋ, ಆಮೇಲೆ ಅದ್ದಿದ ಅಲಗು ಗಾಜಿನ ಹಾಗೆ ಮುರಿಯುತ್ತದೆ. ಇಷ್ಟನ್ನೂ ಅಕ್ಕನೇ ನನಗೆ ಹೇಳಿಕೊಟ್ಟದ್ದು, ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ.

ಯಾವಾಗಿನಿಂದಲೋ, ಆಚಾರ್ರು ಇಕ್ಕಳದಲ್ಲಿ ಅಲಗು ಹಿಡಿದು ಕೆಂಡದಲ್ಲಿ ತಿರುಗಿಸುವಾಗ ಅಕ್ಕ "ಹೂಂ" ಎನ್ನತೊಡಗಿದರು. ಜೋರಾಗಿ ಅಲ್ಲ. ಕಥೆ ಕೇಳುವವರು ಅನ್ನುತ್ತಾರಲ್ಲ, ಹಾಗೆ. ಹೂಂ ಬಿದ್ದ ಮರುಕ್ಷಣ ಅಲಗು ನೀರಿನಲ್ಲಿ ಚುಂಯ್ ಅನ್ನುತ್ತಿತ್ತು. ಮಚ್ಚು ಮಾಡಿಸಲು ಬಂದ ತೆಂಗಿನಕಾಯಿ ಕೀಳುವವನೊಬ್ಬ ಆ ಹೂಂ ಅನ್ನೇ ತಮಾಷೆಗೆ ಹಿಡಿದುಕೊಂಡ.

"ಏನಾಚಾರಿ, ಎಂಡ್ರು ಊಂ ಅಂದ್ರೆ ತಾನಾ ನಿನ್ ಕೈ ಏಳದು?"

"ಅವ್ಳು ಊಂ ಅಂದ್ರೇನೇ ಲೋಕ ನಡ್ಯದು ಕಣ್ಲಾ. ನಿನ್ ಮನೇಲಿ ಅದೂ ಇಲ್ವಲ್ಲೋ, ಬರೀ ಊಹೂಂ!"

ಕಾಯುತ್ತಿದ್ದ ನಾಲ್ಕು ಜನ ಬಿದ್ದುಬಿದ್ದು ನಕ್ಕರು. ಅಕ್ಕ ನಗಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆನಾದ್ದರಿಂದ ನನಗೆ ಅಂದೇ ಗೊತ್ತಾಯಿತು.

ಅದಕ್ಕೂ ಮೊದಲು ಸಣ್ಣಪುಟ್ಟದ್ದನ್ನೆಲ್ಲ ಕಂಡಿದ್ದೆ. ಆಚಾರ್ರ ಬಲಗಡೆ ನಾನಿಟ್ಟ ಕಾಫಿ ಲೋಟ ಮೂರು ಸಲ ಉರುಳಿತ್ತು. ಪಕ್ಕದಿಂದ ಸೈಕಲ್ ಬಂದರೆ ತಗುಲುವವರೆಗೂ ಸರಿಯುತ್ತಿರಲಿಲ್ಲ. ಇಕ್ಕಳವನ್ನು ಕಣ್ಣಿಂದಲ್ಲ, ನೆಲ ಸವರಿ ಹುಡುಕುತ್ತಿದ್ದರು. ಆಚಾರ್ರಿಗೆ ಕಣ್ಣು ಹೋಗುತ್ತಿತ್ತು. ಬಣ್ಣ ನೋಡುತ್ತಿದ್ದವರು ಅಕ್ಕ. ಕಣ್ಣು ಕಾಣದ ಕಮ್ಮಾರನ ಹತ್ತಿರ ಯಾರು ಮಚ್ಚು ಮಾಡಿಸುತ್ತಾರೆ? ಅದಕ್ಕೇ ಅವರು ಹೆಂಡತಿಗೆ ಹೆದರುವ ಗಂಡ ಅನ್ನಿಸಿಕೊಳ್ಳಲೂ ಒಪ್ಪಿದ್ದರು.

ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದು ಅದು: ಯಾರ ಮೈಯ ಕೊರತೆಯನ್ನೂ ದಿಟ್ಟಿಸಬಾರದು, ಕಂಡರೂ ಕಂಡಂತೆ ತೋರಿಸಿಕೊಳ್ಳಬಾರದು. ಒಳ್ಳೆಯ ಪಾಠವೇ. ಮಾಡಿದ್ದು ಇಷ್ಟೇ, ಕಾಫಿ ಲೋಟವನ್ನು ಎಡಗಡೆ ಇಡತೊಡಗಿದೆ. ಹೀಗೆ ಒಂದು ವರ್ಷದ ಮೇಲೇ ಆಯಿತು.

ಒಂದು ಬೆಳಗ್ಗೆ ಅದೇ ತೆಂಗಿನಕಾಯಿಯವನು ಕುಲುಮೆಯ ಮುಂದೆ ಬಂದು ನಿಂತ. ಹೊಸ ಮಚ್ಚು ನಡುವಿಗೆ ಮುರಿದು, ತುದಿ ಅವನ ಕಾಲ ಪಕ್ಕಕ್ಕೇ ಬಂದು ನೆಟ್ಟುಕೊಂಡಿತ್ತಂತೆ. ಅಕ್ಕ ಜ್ವರದಲ್ಲಿ ಮಲಗಿದ್ದ ವಾರ ಮಾಡಿದ ಮಚ್ಚು ಅದು. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

"ಕಾಲು ಓಗಿದ್ರೆ ಏನ್ಮಾಡ್ತಿದ್ದೆ ಆಚಾರೀ? ನನ್ನೆಂಡ್ರು ಮಕ್ಳಿಗೆ ನೀನ್ ಅನ್ನ ಆಕ್ತಿದ್ದಾ?"

ಆಚಾರ್ರು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಉಪ್ಪಿಟ್ಟಿನ ರವೆಯಂತೆ ದಪ್ಪದಪ್ಪ ಹರಳು, ಅತಿಯಾಗಿ ಕಾದದ್ದರ ಗುರುತು, ಪಕ್ಕಕ್ಕೆ ನಿಂತಿದ್ದ ನನಗೂ ಕಾಣುತ್ತಿತ್ತು. "ಪಟ್ಟೇಲೇ ಸೀಳಿತ್ತೇನೋ ಕಣಪ್ಪಾ, ಬುಡು, ಬೇರೆ ಮಾಡ್ಕೊಡ್ತೀನಿ" ಎಂದರು. ಅವನಿಗೆ ಬೇರೆ ಬೇಡವಾಗಿತ್ತು.

ಅವತ್ತು ಮಧ್ಯಾಹ್ನ ಅಕ್ಕನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡೆ. "ಪೊರೆ ಬಂದಿರುತ್ತೆ ಅಕ್ಕಾ. ನಮ್ಮಮ್ಮನಿಗೂ ಬಂದಿತ್ತು. ಹತ್ತು ನಿಮಿಷದ ಆಪರೇಷನ್, ಮಾರನೇ ದಿನ ಪೇಪರ್ ಓದಿದ್ರು."

"ಕಣ್ಗೆ ಬಟ್ಟೆ ಕಟ್ಕೊಂಡು ಕೂತ್ರೆ ಊರ್ಗೇ ಗೊತ್ತಾಯ್ತದಲ್ಲಮ್ಮಾ, ಅಂತ ಬುಟ್ಟಿದ್ದು" ಎಂದರು. ಆಮೇಲೆ, "ದಿಟ್ವಾಗ್ಲೂ ಬತ್ತದಾ?" ಎಂದು ಕೇಳಿದರು.

"ಖಂಡಿತಾ ಬರುತ್ತೆ" ಎಂದೆ. ಯಾವ ಡಾಕ್ಟರೂ ಅಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಮೂವರೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆವು. ಆಚಾರ್ರು ಮದುವೆಗೆ ಹೊರಟವರಂತೆ ಬಿಳಿ ಪಂಚೆ ಉಟ್ಟಿದ್ದರು. ಕಣ್ಣಾಸ್ಪತ್ರೆಯ ಹೆಣ್ಣು ಡಾಕ್ಟರು ಚಿಕ್ಕ ವಯಸ್ಸಿನವರು, ತುಂಬ ಹೊತ್ತು ನೋಡಿದರು. ಪೊರೆಯಲ್ಲವಂತೆ. ಕಣ್ಣೊಳಗೆ ಒತ್ತಡ ಏರಿ ನರವೇ ಒಣಗಿದೆ. ಹೋದದ್ದು ಬರುವುದಿಲ್ಲ, ಉಳಿದಿರುವ ಚೂರನ್ನು ಕಾಪಾಡಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು. "ಒಂದೆರಡು ವರ್ಷ ಮುಂಚೆ ಬಂದಿದ್ರೆ ಇನ್ನೂ ಎಷ್ಟೋ ಉಳಿಸಬಹುದಿತ್ತು" ಎಂದು ಮೆಲ್ಲಗೆ ಹೇಳಿದರು.

ಆಚಾರ್ರು "ಆಗ್ಲಿ ತಾಯಿ" ಎಂದು ಕೈ ಮುಗಿದರು. ಡಾಕ್ಟರು ಕೂತಿದ್ದ ಕಡೆಗಿಂತ ಸ್ವಲ್ಪ ಆಚೆಗೆ.

ಹಿಂದಿರುಗುವ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ, ಅಕ್ಕ ನಡುವೆ, ನಾನು ಈ ತುದಿ. ಅಕ್ಕ ಡ್ರಾಪ್ಸಿನ ಪುಟ್ಟ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ತೆರಕಣಾಂಬಿ ದಾಟಿದ ಮೇಲೆ, ರಸ್ತೆಯನ್ನೇ ನೋಡುತ್ತಾ ಅಂದರು: "ನಾನು ಊಂ ಅನ್ನದೇ ಇದ್ದಿದ್ರೆ ಆಗ್ಲೇ ಆಸ್ಪತ್ರೆಗೆ ಓಗಿರೋರು."

ನಾನು ಏನೋ ಸಮಾಧಾನ ಹೇಳಲು ಹೋದೆ. ಅಷ್ಟರಲ್ಲಿ ನನ್ನ ಕಡೆ ತಿರುಗಿದರು.

"ನಿಮ್ಗೆ ಯಾವತ್ತು ಗೊತ್ತಾಯ್ತಮ್ಮಾ?"

ಮುರಿದ ಮಚ್ಚು ನೋಡಿದ ದಿನ ಎಂದುಬಿಡಬಹುದಿತ್ತು. "ಹೋದ ವರ್ಷ" ಎಂದೆ.

ಅಕ್ಕ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡನ ಪಂಚೆಗೆ ಅಂಟಿದ್ದ ಏನನ್ನೋ ಉಗುರಿನಿಂದ ಕೆರೆಯುತ್ತಾ ಕೂತರು, ಗುಂಡ್ಲುಪೇಟೆ ಬರುವವರೆಗೂ.

ಕುಲುಮೆ ಮುಚ್ಚಿತು. ಆಸ್ಪತ್ರೆಯಿಂದ ಬಂದ ಮೇಲೆ ಆಚಾರ್ರು ಇಕ್ಕಳ ಮುಟ್ಟಲಿಲ್ಲ; ಮುಚ್ಚುವ ಮುಂಚೆ ಅಕ್ಕ ಒಂದಷ್ಟು ದಿನ ತಾವೇ ಹಿಡಿದು ನೋಡಿದರು. ಗಿರಾಕಿಗಳು ಬಂದು, ಆಚಾರ್ರು ಎಲ್ಲಿ ಎಂದು ಕೇಳಿ, ಹೋಗುತ್ತಿದ್ದರು. ಹೆಂಗಸು ಸುತ್ತಿಗೆ ಬೀಸಬಹುದು, ಹದ ಹಾಕಬಾರದು ಎನ್ನುವುದು ಅವರ ಲೆಕ್ಕ. ಅಷ್ಟು ದಿನವೂ ತಮ್ಮ ಮಚ್ಚುಗಳಿಗೆ ಹದ ಹಾಕಿದ್ದು ಯಾರೆಂದು ಅವರಿಗೇನು ಗೊತ್ತು! ಈಗ ಅಕ್ಕ ಈರುಳ್ಳಿ ಮಂಡಿಯಲ್ಲಿ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮೆಟ್ಟಿಲಿಗೆ ಕಾಫಿಗೆ ಬರುವುದಿಲ್ಲ. ಎದುರಾದರೆ "ಊಟ ಆಯ್ತಾಮ್ಮಾ" ಎನ್ನುತ್ತಾರೆ, ನಿಲ್ಲುವುದಿಲ್ಲ.

ಹೋದ ತಿಂಗಳು ಮಂಡಿಗೆ ನಾನೇ ಹೋದೆ. ಕೇರಳದ ಲಾರಿಗೆ ತುಂಬಲು ಚಿಕ್ಕ ಈರುಳ್ಳಿಯನ್ನು ರಾಶಿ ಸುರಿದಿದ್ದರು. ಅಕ್ಕನ ಪಕ್ಕ ಆಚಾರ್ರೂ ಕೂತಿದ್ದರು. ಒಂದೊಂದನ್ನೇ ಒತ್ತಿ ನೋಡಿ ಮೆತ್ತಗಿದ್ದುದನ್ನು ಬೇರೆ ಹಾಕುತ್ತಿದ್ದರು. "ಕೊಳ್ತಿದ್ದು ಕೈಗೇ ತಿಳೀತದೆ, ಇದ್ಕೆ ಕಣ್ ಯಾಕೆ?" ಎಂದು ಆಚೆಗಿದ್ದವಳಿಗೆ ಹೇಳುತ್ತಿದ್ದರು. ಗಟ್ಟಿಯಾಗಿದ್ದೂ ಕಪ್ಪು ಬೂಷ್ಟು ಹಿಡಿದವು ಅವರ ಕೈಗೆ ತಿಳಿಯದೆ ಒಳ್ಳೆಯ ಬುಟ್ಟಿಗೇ ಬೀಳುತ್ತಿದ್ದವು. ಅಕ್ಕ ಅವನ್ನು ಸದ್ದಿಲ್ಲದೆ ಎತ್ತಿ ಆಚೆಗಿಡುತ್ತಿದ್ದರು.

ತಲೆಯೆತ್ತಿ ನನ್ನನ್ನು ಕಂಡಾಗ ಅವರ ಕೈ ಬುಟ್ಟಿಯೊಳಗೇ ನಿಂತಿತು. ನಾನು ಕಂಡೂ ಕಾಣದವಳಂತೆ ಮಂಡಿಯವನ ಕಡೆ ತಿರುಗಿ, ಎರಡು ಕಿಲೋ ತೂಗಿ ಎಂದೆ.